ಜರ್ಮನಿಗೆ ಹೋಗಿ ಓದಿದ್ರೆ ಕರಿಯರ್‌ಗೆ ಉಪಯೋಗ ಆಗುತ್ತಾ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಈಗ ಪೀಣ್ಯದಲ್ಲಿ ಡಿಸೈನ್ ಕೆಲಸ ಮಾಡ್ತಿದೀನಿ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡ್ಬೇಕು ಅಂತ ಆಸೆ, ಅಲ್ಲಿ ಫೀಸೇ ಇಲ್ವಂತೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆಯೋಕೂ ರೆಡಿ ಇದಾರೆ. ಸೋದರಮಾವ ಮಾತ್ರ ಜರ್ಮನ್ ಕಂಪನಿಗಳೆಲ್ಲ ಬೆಂಗಳೂರಲ್ಲೇ ಇವೆಯಲ್ಲ, ಅಷ್ಟು ದೂರ ಯಾಕೆ ಅಂತಾರೆ. ಏನ್ಮಾಡ್ಲಿ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಮಾವ ಹೇಳೋದು ಸುಳ್ಳಲ್ಲ, ಆಡುಗೋಡಿಯಲ್ಲಿ ಬಾಷ್ ಇದೆ, ಮರ್ಸಿಡಿಸ್ ಬೆಂಜ್‌ನ ರಿಸರ್ಚ್ ಸೆಂಟರ್ ಕೂಡ ಬೆಂಗಳೂರಲ್ಲೇ ಇದೆ. ಆದ್ರೂ ನಾನು ಹೋಗಿ ಅಂತಲೇ ಹೇಳ್ತೀನಿ, ಡಿಗ್ರಿಗೋಸ್ಕರ ಅಲ್ಲ, ಅಲ್ಲಿ ಓದ್ತಾ ಇರುವಾಗ್ಲೇ ಸಿಗೋ ಕೆಲಸದ ಅನುಭವಕ್ಕೋಸ್ಕರ. ವರ್ಕಿಂಗ್ ಸ್ಟೂಡೆಂಟ್ ಅಂತ ಸೇರಿದ್ರೆ ಕ್ಲಾಸ್ ನಡೀತಿರುವಾಗ ವಾರಕ್ಕೆ 20 ಗಂಟೆವರೆಗೆ ನಿಮ್ಮ ಫೀಲ್ಡಿನದೇ ಕೆಲಸ, ಸಂಬಳನೂ ಬರುತ್ತೆ, ಕೊನೇ ಥೀಸಿಸ್ಸನ್ನೂ ಎಷ್ಟೋ ಜನ ಕಂಪನೀಲೇ ಮಾಡ್ತಾರೆ.

ನಾನು ಜರ್ಮನಿಯ ಆಹೆನ್‌ನಲ್ಲಿ ಓದುವಾಗ ಒಂದು ಗೇರ್‌ಬಾಕ್ಸ್ ಕಂಪನೀಲಿ ಹಾಗೇ ಸೇರಿದ್ದೆ. ಒಂದು ರಿವ್ಯೂ ಮೀಟಿಂಗಲ್ಲಿ ಟೀಮ್ ಲೀಡರ್ ಡ್ರಾಯಿಂಗನ್ನ ಮೇಜಿನ ಮೇಲೆ ಹರಡಿ, ಬೇರಿಂಗ್ ಕೂರೋ ಜಾಗದ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗ್ಬಹುದು ಅನ್ನೋ ಮಿತಿ) ಮೇಲೆ ಬೆರಳಿಟ್ಟು ಇದ್ಯಾಕೆ ಇಷ್ಟು ಟೈಟ್ ಅಂತ ಕೇಳಿದ್ರು. ನಮ್ಮ ಕಡೆ ಆಗಿದ್ರೆ ಸರಿ ಸರ್, ಚೇಂಜ್ ಮಾಡ್ತೀನಿ ಅಂದು ಮುಗಿಸ್ತಿದ್ವಿ. ನನ್ನ ಪಕ್ಕದಲ್ಲಿದ್ದ ಪೋಲೆಂಡಿನ ಹುಡುಗಿ, ಅವಳೂ ಸ್ಟೂಡೆಂಟೇ, ಲೋಡ್ ಕ್ಯಾಲ್ಕುಲೇಷನ್ ಮುಂದಿಟ್ಟು ಇಲ್ಲ, ಇಷ್ಟು ಬೇಕೇ ಬೇಕು ಅಂತ ವಾದ ಮಾಡಿದ್ಲು, ಅವರೂ ಬಿಡ್ಲಿಲ್ಲ, ಆಮೇಲೆ ಇಬ್ರೂ ಒಟ್ಟಿಗೇ ಊಟಕ್ಕೆ ಹೋದ್ರು. ಮೇಲಿನವರ ಎದುರು ಕಾರಣ ಕೊಟ್ಟು ನಿಲ್ಲೋದು, ಅದನ್ನ ಮನಸ್ಸಿಗೆ ಹಚ್ಕೊಳ್ದೆ ಮುಂದಿನ ಕೆಲಸಕ್ಕೆ ಹೋಗೋದು, ಇದು ರೂಢಿ ಆದವರು ಯಾವ ದೇಶದ ಟೀಮಿಗೆ ಹಾಕಿದ್ರೂ ಕೆಲಸ ಮಾಡ್ತಾರೆ. ಪುಸ್ತಕ ಓದಿ ಬರೋದಲ್ಲ ಅದು.

ಇನ್ನು ಭಾಷೆ. ಇಂಗ್ಲಿಷಲ್ಲೇ ಓದೋ ಕೋರ್ಸ್ ಸಿಗುತ್ತೆ ನಿಜ, ಆದ್ರೆ ಸಣ್ಣ, ಮಧ್ಯಮ ಕಂಪನಿಗಳಲ್ಲಿ ಮೀಟಿಂಗ್ ನಡೆಯೋದು ಜರ್ಮನ್‌ನಲ್ಲೇ. ದಯವಿಟ್ಟು ಹೋದ್ಮೇಲೆ ಕಲಿತೀನಿ ಅಂದ್ಕೋಬೇಡಿ, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆ ಎಲ್ಲಾದ್ರೂ ಈಗ್ಲೇ ಶುರು ಮಾಡಿ, ಬಿ1 ಅನ್ನೋ ಮಧ್ಯಮ ಹಂತ ಮುಗಿಸ್ಕೊಂಡೇ ವಿಮಾನ ಹತ್ತಿ.

ದುಡ್ಡಿನ ವಿಷಯ ಅಪ್ಪನ ಜೊತೆ ಕೂತು ಲೆಕ್ಕ ಹಾಕಿ. ಫೀಸೇ ಇಲ್ಲ ಅನ್ನೋದು ಎಲ್ಲಾ ಕಡೆ ನಿಜ ಅಲ್ಲ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರಿಂದ ಫೀಸ್ ತಗೊಳ್ತಿದೆ. ವೀಸಾಗೆ ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಲ್ಲಿ ತೋರಿಸ್ಬೇಕು, ಅಂದ್ರೆ ಹತ್ತು ಲಕ್ಷದ ಮೇಲೇ ಆಯ್ತು. ಆ ದುಡ್ಡು ನಿಮ್ಮದೇ, ಅಲ್ಲಿ ಹೋದ್ಮೇಲೆ ತಿಂಗಳಿಗೆ 992 ಯೂರೋ ತರ ವಾಪಸ್ ಕೈಗೆ ಬರುತ್ತೆ. ನಿಮ್ಮ ಡಿಗ್ರಿ ದಾಖಲೆಗಳನ್ನ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟಿಗೂ ಬೇಗ ಅಪ್ಲೈ ಮಾಡಿ. ತೋಟ ಅಡ ಇಡೋದು ನನಗಂತೂ ಇಷ್ಟ ಇಲ್ಲ, ಇನ್ನೊಂದು ವರ್ಷ ಪೀಣ್ಯದಲ್ಲೇ ದುಡಿದು ಉಳಿಸಿ, ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಎಜುಕೇಷನ್ ಲೋನ್ ತಗೊಳ್ಳಿ.

ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಅಲ್ಲೇ ಇರಬಹುದು. ಕಾರ್ ಕಂಪನಿಗಳನ್ನೇ ನಂಬ್ಕೊಂಡು ಹೋಗ್ಬೇಡಿ ಮಾತ್ರ, ಫೋಕ್ಸ್‌ವ್ಯಾಗನ್ ಒಂದೇ 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡೋದಾಗಿ ಹೇಳಿದೆ. ಕಾಲೇಜ್ ಆರಿಸುವಾಗ ರ್‍ಯಾಂಕಿಂಗ್ ಆಮೇಲೆ ನೋಡಿ, ಆ ಊರಿನ ಸುತ್ತಮುತ್ತ ಮಷಿನ್, ರೈಲು, ಮೆಡಿಕಲ್ ಉಪಕರಣ ಮಾಡೋ ಕಂಪನಿಗಳು ಎಷ್ಟಿವೆ ಅಂತ ಮೊದಲು ನೋಡಿ, ಪಾರ್ಟ್‌ಟೈಮ್ ಕೆಲಸ ಸಿಗೋದು ಅಲ್ಲೇ.