ಮಲೆನಾಡಿನ ಶಾಲೆಯಲ್ಲಿ ಇಡೀ ವರ್ಷದ ಪಿ.ಟಿ. ಪ್ಲಾನ್ ಹೇಗೆ ಮಾಡುವುದು?

ಹೊಸನಗರ ತಾಲ್ಲೂಕಿನ ಶಾಲೆಗೆ ಹೊಸದಾಗಿ ದೈಹಿಕ ಶಿಕ್ಷಕರಾಗಿ ಬಂದಿದ್ದೀರಿ, 6ರಿಂದ 8ನೇ ಕ್ಲಾಸಿನ ಮಕ್ಕಳಿಗೆ ವರ್ಷದ ಯೋಜನೆ ಬರೆದು ಕೊಡಿ ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ, ಮೈದಾನ ಸಣ್ಣದು, ಸಾಮಾನು ಕಮ್ಮಿ, ಮಳೆ ಜಾಸ್ತಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆ 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಯಾವ ತಿಂಗಳು ಯಾವ ಆಟ ಅನ್ನುವುದನ್ನು ಆಮೇಲೆ ಬರೆಯಿರಿ. ಮೊದಲು ಒಂದು ವಾಚ್ ಹಿಡಿದು ಒಂದು ಪೀರಿಯಡ್ ಪೂರ್ತಿ ಒಂದೇ ಮಗುವನ್ನು ನೋಡಿ.

ನಾನು ಇದನ್ನು ಮಾಡಿದ್ದು ಕೆಲಸಕ್ಕೆ ಸೇರಿ ಐದನೇ ವರ್ಷದಲ್ಲಿ. ಏಳನೇ ಕ್ಲಾಸಿನ ಒಬ್ಬ ಹುಡುಗಿಯನ್ನು ನೋಡುತ್ತಾ ಬರೆದುಕೊಂಡೆ. 40 ನಿಮಿಷದ ಪೀರಿಯಡ್. ಸಾಲು ಮಾಡಿಸಿ ಹಾಜರಿ ತೆಗೆದುಕೊಳ್ಳುವುದಕ್ಕೇ 7 ನಿಮಿಷ ಹೋಯಿತು. ಆಮೇಲೆ ಮೈದಾನಕ್ಕೆ ಒಂದು ಸುತ್ತು ಓಟ, ಸ್ವಲ್ಪ ಕವಾಯತು. ಆಮೇಲೆ ಖೋಖೋ. ಎರಡು ತಂಡ ಆರಿಸುವಾಗ ಅವಳನ್ನು ಯಾರೂ ಕರೆಯಲಿಲ್ಲ. ನೇರಳೆ ಮರದ ಬುಡಕ್ಕೆ ಹೋಗಿ ಕೂತಳು. ಚಪ್ಪಲಿಯ ಅಡಿಗೆ ಹತ್ತಿದ್ದ ಕೆಸರನ್ನು ಒಂದು ಕಡ್ಡಿಯಲ್ಲಿ ಕೆರೆದು ತೆಗೆದಳು, ಒಂದು ಚಪ್ಪಲಿ ಮುಗಿದ ಮೇಲೆ ಇನ್ನೊಂದು. ಗಂಟೆ ಹೊಡೆಯಿತು. ಲೆಕ್ಕ ಹಾಕಿದರೆ ಅವಳ ಮೈ ಅಲ್ಲಾಡಿದ್ದು 5 ನಿಮಿಷ. ಅದೇ ವರ್ಷ ನನ್ನ ಖೋಖೋ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿತ್ತು, ಎಲ್ಲರೂ ಹೊಗಳಿದ್ದರು. ಆ ಹುಡುಗಿಯ ಲೆಕ್ಕದಲ್ಲಿ ನಾನು ಆ ವರ್ಷ ಏನೂ ಕಲಿಸಿರಲಿಲ್ಲ. ಅವತ್ತಿನಿಂದ ನನ್ನ ಪ್ಲಾನ್ ಮರದಡಿ ಕೂತ ಮಕ್ಕಳಿಂದಲೇ ಶುರುವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಅನ್ನುತ್ತದೆ. ಅಂದರೆ ವಾರಕ್ಕೆ 420 ನಿಮಿಷ. ನಮ್ಮಲ್ಲಿ ಒಂದು ಕ್ಲಾಸಿಗೆ ವಾರಕ್ಕೆ ಎರಡು ಪೀರಿಯಡ್, ಒಟ್ಟು 80 ನಿಮಿಷ. ಹಿಂದೆ ಈ ಮಕ್ಕಳು ಗುಡ್ಡ ಹತ್ತಿ ಇಳಿದು ನಡೆದೇ ಶಾಲೆಗೆ ಬರುತ್ತಿದ್ದರು, ಈಗ ಸುಮಾರು ಮಕ್ಕಳು ವ್ಯಾನಿನಲ್ಲಿ ಬರುತ್ತಾರೆ. ಆ 80 ನಿಮಿಷದಲ್ಲೂ ಅರ್ಧಕ್ಕಿಂತ ಜಾಸ್ತಿ ಸುಮ್ನೆ ನಿಂತು, ಕೂತು ಕಳೆದರೆ ಏನು ಉಳಿಯುತ್ತದೆ ಹೇಳಿ.

ಖೋಖೋ ನನಗೆ ತುಂಬ ಇಷ್ಟದ ಆಟ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದಾಗ ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಹೇಳುತ್ತಾ ನನಗೇ ಗಂಟಲು ಕಟ್ಟಿತ್ತು. ಆದರೆ 42 ಮಕ್ಕಳ ಕ್ಲಾಸಿಗೆ ಪೂರ್ತಿ ಅಂಕಣದ ಒಂದೇ ಆಟ ಇಟ್ಟರೆ ಏನಾಗುತ್ತದೆ ನೋಡಿ. ಅಟ್ಟಿಸುವ ತಂಡದ 8 ಜನ ಸಾಲಿನಲ್ಲಿ ಕೂತಿರುತ್ತಾರೆ, ಒಬ್ಬ ಓಡುತ್ತಾನೆ. ತಪ್ಪಿಸಿಕೊಳ್ಳುವವರು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ. ಅಂದರೆ ಒಂದು ಹೊತ್ತಿಗೆ ಓಡುವವರು ನಾಲ್ಕೇ ಜನ. ಅದಕ್ಕೆ ನಾನು ಅಂಕಣವನ್ನು ಒಡೆದೆ. ನಾಲ್ಕು ಜನ ಕೂರುವುದು, ಒಬ್ಬ ಅಟ್ಟಿಸುವುದು, ಇಬ್ಬರು ತಪ್ಪಿಸಿಕೊಳ್ಳುವುದು, ಏಳು ಜನಕ್ಕೆ ಒಂದು ಪುಟ್ಟ ಖೋಖೋ. 42 ಮಕ್ಕಳಿಗೆ ಆರು ಅಂಕಣ. ಎರಡು ನಿಮಿಷಕ್ಕೊಂದು ಸೀಟಿ, ಸೀಟಿ ಹೊಡೆದ ತಕ್ಷಣ ಪಾಳಿ ಬದಲು. ಈಗ ಒಂದು ಹೊತ್ತಿಗೆ 18 ಜನ ಓಡುತ್ತಾರೆ, ಉಳಿದವರೂ ಎದ್ದು ಕೂತು ಖೋ ಕೊಡುತ್ತಲೇ ಇರುತ್ತಾರೆ. ಕಂಬ ಬೇಡ, ಎರಡು ತುದಿಗೆ ಎರಡು ಹಳೇ ಟಯರು ಮಲಗಿಸಿದರೆ ಸಾಕು. ಗೆರೆಗೆ ಸುಣ್ಣ ಹಾಕಬೇಡಿ, ಬಿದ್ದ ಮಗುವಿನ ಕಣ್ಣಿಗೆ ಹೋದರೆ ಕಷ್ಟ. ಬಚ್ಚಲೊಲೆಯ ಬೂದಿ ತರಲು ಹೇಳಿ, ಜರಡಿ ಹಿಡಿದು ಕೆಂಡ ಇಲ್ಲ ಅಂತ ನೋಡಿ ಹಾಕಿ. ನಮ್ಮ ಕಡೆ ಬೂದಿ ಇಲ್ಲದ ಮನೆ ಅಪರೂಪ.

ಬೇರೆ ಆಟಗಳಿಗೂ ಇದೇ ಲೆಕ್ಕ. ಥ್ರೋಬಾಲ್ ಅಂದರೆ ಒಂದು ಕಡೆ 7 ಜನ, ನೆಟ್ ಒಂದೇ. ಅದರ ಬದಲು ಮೈದಾನದ ಉದ್ದಕ್ಕೆ ಒಂದು ಕತ್ತದ ಹಗ್ಗ ಕಟ್ಟಿ, ಅದರ ಎರಡೂ ಕಡೆ ಮೂರು ಮೂರು ಜನರನ್ನು ನಿಲ್ಲಿಸಿದರೆ ಐದಾರು ಆಟ ಒಟ್ಟಿಗೆ ನಡೆಯುತ್ತವೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ನಿಮ್ಮ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ನಿಮ್ಮದಲ್ಲ ಅಂತಲೇ ಇಟ್ಟುಕೊಳ್ಳಿ. ಬಯಲುಸೀಮೆಗೆ ಬರೆದ ಪ್ಲಾನ್ ಇಲ್ಲಿಗೆ ಆಗುವುದಿಲ್ಲ. ಜೂನ್‌ನಲ್ಲಿ ಓಟ, ಜುಲೈನಲ್ಲಿ ವಾಲಿಬಾಲ್ ಅಂತ ಕಾಗದದಲ್ಲಿ ಬರೆದು, ಪ್ರತಿ ಪೀರಿಯಡ್ ಕ್ಲಾಸಿನಲ್ಲಿ ಕೂರಿಸಿ ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡುವುದನ್ನು ನಾನು ತುಂಬ ಕಡೆ ನೋಡಿದ್ದೇನೆ. ದಯವಿಟ್ಟು ಬಿಟ್ಟುಕೊಡಬೇಡಿ. ನಾಲ್ಕು ತಿಂಗಳು ಅಂದರೆ ಶಾಲಾ ವರ್ಷದ ಮೂರನೇ ಒಂದು ಭಾಗಕ್ಕೂ ಜಾಸ್ತಿ, ಅಲ್ವಾ.

ಬೆಂಚುಗಳನ್ನು ಗೋಡೆಗೆ ಒತ್ತಿದರೆ ಒಂದು ಕ್ಲಾಸ್‌ರೂಮಿನ ಜಾಗ ಸಾಕು. ಮಳೆಗಾಲವನ್ನು ನಾನು ಮೈ ಗಟ್ಟಿ ಮಾಡುವುದಕ್ಕೆ, ಹಿಡಿತ ಕಲಿಸುವುದಕ್ಕೆ ಇಟ್ಟಿದ್ದೇನೆ. ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿ ನಿಲ್ಲುವುದು, ಬಸ್ಕಿ, ಪ್ಲ್ಯಾಂಕ್, ಸೂರ್ಯನಮಸ್ಕಾರ, ಬಟ್ಟೆ ಚೆಂಡಿನಿಂದ ಎಸೆದು ಹಿಡಿಯುವುದು, ಲೇಜಿಮ್ ಹೆಜ್ಜೆ. ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಇದೇ ಹೊತ್ತಿನಲ್ಲಿ ಕಲಿಸುತ್ತೇನೆ. ಸ್ಕಿಪ್ಪಿಂಗ್ ಮಾಡುವ ಮೊದಲು ಎಣಿಸು, ಮಾಡಿದ ಮೇಲೆ ಎಣಿಸು, ಎರಡು ನಿಮಿಷ ಬಿಟ್ಟು ಮತ್ತೆ ಎಣಿಸು. ತಮ್ಮ ಎದೆ ಬಡಿತ ಇಳಿಯುವುದನ್ನು ತಾವೇ ಬೆರಳಲ್ಲಿ ಹಿಡಿದು ನೋಡುವಾಗ ಆ ರೂಮಿನಲ್ಲಿ ಹೆಂಚಿನ ಮೇಲಿನ ಮಳೆ ಬಿಟ್ಟರೆ ಬೇರೆ ಸದ್ದೇ ಇರುವುದಿಲ್ಲ. ಆಟದ ನಿಯಮ, ರೆಫರಿ ಸನ್ನೆ, ಅಂಕ ಬರೆಯುವುದು ಕೂಡ ಮಳೆಗಾಲದ ಪಾಠವೇ.

ಆದರೆ ಜಗಲಿಯಲ್ಲಿ ಓಡಿಸಬೇಡಿ. ಮೊದಲು ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಇರಚಲು ಬಿದ್ದ ಸಿಮೆಂಟ್ ನೆಲದಲ್ಲಿ ರಿಲೇ ಆಡಿಸಿದೆ, ಒಬ್ಬ ಹುಡುಗ ಜಾರಿ ಮುಂಗೈ ಮುರಿದುಕೊಂಡ. ಅವನ ಅಮ್ಮ ನನ್ನನ್ನು ಬೈಯಲಿಲ್ಲ, ಅದು ಇನ್ನೂ ನೆನಪಿದೆ. ಈಗ ಮಳೆ ಬರುವಾಗ ಜಗಲಿಯಲ್ಲಿ ನಡೆದಾಟ ಮಾತ್ರ. ಮಳೆ ಬಿಟ್ಟ ದಿನ ಮೈದಾನಕ್ಕೆ ಇಳಿದರೂ ಮೊದಲು ನೀವೊಬ್ಬರೇ ನಡೆದು ಪಾಚಿ ಎಲ್ಲಿದೆ ನೋಡಿ, ಹುಲ್ಲಿನ ಅಂಚಿಗೆ ಹೋದವರ ಕಾಲಿಗೆ ಉಂಬಳ ಹತ್ತಿದೆಯಾ ನೋಡಿ.

ತಾಲ್ಲೂಕು ಕ್ರೀಡಾಕೂಟ ಬರುವುದು ಸಾಮಾನ್ಯವಾಗಿ ಈ ಮಳೆಯ ನಡುವೆಯೇ. ತಂಡದ ತರಬೇತಿಗೆ ಬೆಳಿಗ್ಗೆ ಅಥವಾ ಸಂಜೆ ಬೇರೆ ಹೊತ್ತು ಇಟ್ಟುಕೊಳ್ಳಿ. ಪೀರಿಯಡ್ ಎಲ್ಲ ಮಕ್ಕಳದ್ದು, 12 ಜನರದ್ದಲ್ಲ. ಈ ಒಂದು ವಿಷಯಕ್ಕೆ ಹೆಡ್‌ಮಾಸ್ಟರ್ ಹತ್ತಿರ ಗಟ್ಟಿಯಾಗಿ ಮಾತಾಡಿ. ಊಟದ ನಂತರದ ಮೊದಲ ಪೀರಿಯಡ್ ಪಿ.ಟಿ.ಗೆ ಹಾಕಬೇಡಿ ಅಂತಲೂ ಟೈಮ್‌ಟೇಬಲ್ ಬರೆಯುವಾಗಲೇ ಕೇಳಿಕೊಳ್ಳಿ.

ದಸರಾ ರಜೆ ಮುಗಿದ ಮೇಲೆ ಫೆಬ್ರವರಿ ತನಕ ನಿಮಗೆ ಒಳ್ಳೆಯ ಕಾಲ. ಓಟ, ಜಿಗಿತ, ಕಬಡ್ಡಿ ಎಲ್ಲ ಇಲ್ಲಿಗೆ ಇಡಿ. ಮಳೆಗೆ ಲಾಂಗ್‌ಜಂಪ್ ಗುಂಡಿಯ ಮರಳು ಕಲ್ಲಿನ ಹಾಗೆ ಕೂತಿರುತ್ತದೆ, ಗುದ್ದಲಿ ಹಾಕಿ ಅಗೆಯದೆ ಒಬ್ಬರನ್ನೂ ಜಿಗಿಸಬೇಡಿ. ಇದೇ ಹೊತ್ತಿಗೆ ಅಡಿಕೆ ಕೊಯ್ಲು. ಮಕ್ಕಳು ಮನೆಯಲ್ಲಿ ಅಡಿಕೆ ಹೆಕ್ಕಿ, ರಾತ್ರಿ ಸುಲಿಯುವವರ ಜೊತೆ ಕೂತು, ನಿದ್ದೆಗೆಟ್ಟು ಬರುತ್ತಾರೆ. ಅಂಥ ಮಗು ಓಡಲ್ಲ ಅಂದರೆ ಸೋಮಾರಿ ಅಂತ ತಿಳಿಯಬೇಡಿ, ಕೇಳಿ ನೋಡಿ.

ಕಬಡ್ಡಿಯಲ್ಲಿ ಕ್ಲಾಸ್ ನೋಡಿ ತಂಡ ಮಾಡಬೇಡಿ, ತೂಕ ನೋಡಿ ಮಾಡಿ. ಈ ವಯಸ್ಸಿನಲ್ಲಿ ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಎತ್ತರ ಬೆಳೆಯುತ್ತಾರೆ, ಹುಡುಗರಲ್ಲೂ ಒಬ್ಬ 28 ಕೆ.ಜಿ., ಪಕ್ಕದವನು 50. ಒಂದು ತೂಕದ ಮೆಷಿನ್ ಎರವಲು ತಂದು ಮೂರು ಗುಂಪು ಮಾಡಿಕೊಳ್ಳಿ. ಬೇಗ ಬೇಗ ಎತ್ತರ ಆಗುವ ಮಕ್ಕಳಿಗೆ ಹಿಮ್ಮಡಿ, ಮೊಣಕಾಲಿನ ಕೆಳಗಿನ ಉಬ್ಬು ನೋಯುತ್ತದೆ. ನೋವು ಅಂದರೆ ಜಿಗಿತ ನಿಲ್ಲಿಸಿ, ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಲು ಹೇಳಿ. ಸುಲಭಕ್ಕೆ ಸುಸ್ತಾಗಿ ತಲೆ ತಿರುಗುವ ಮಕ್ಕಳ ಹೆಸರು ಬರೆದಿಡಿ, ರಕ್ತ ಕಮ್ಮಿ ಇರಬಹುದು, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಾರಾ ಅಂತ ವಿಚಾರಿಸಿ.

ಏಳನೇ ಕ್ಲಾಸಿಗೆ ಬರುತ್ತಲೇ ಹುಡುಗಿಯರು ಆಟದಿಂದ ಹಿಂದೆ ಸರಿಯುತ್ತಾರೆ. "ಸರ್, ಇವತ್ತು ತಲೆನೋವು" ಅಂದರೆ ಎಂತ ತಲೆನೋವು ಅಂತ ಎಲ್ಲರ ಎದುರು ಕೇಳಬೇಡಿ. ನಾನು ಒಂದು ದಾರಿ ಮಾಡಿದ್ದೇನೆ. ಯಾರಿಗೆ ಓಡಲು ಆಗುವುದಿಲ್ಲವೋ ಅವರು ಕಾರಣ ಹೇಳದೆ ಸೀಟಿ ಅಥವಾ ಅಂಕದ ಪುಸ್ತಕ ಎತ್ತಿಕೊಳ್ಳಬಹುದು. ಆಗ ಅವರು ಆಟದ ಒಳಗೇ ಇರುತ್ತಾರೆ, ಮರದ ಬುಡಕ್ಕೆ ಹೋಗುವುದಿಲ್ಲ. ಮುಟ್ಟಿನ ದಿನಗಳಲ್ಲಿ ಆಡಿದರೆ ತೊಂದರೆ ಇಲ್ಲ ಅನ್ನುವುದನ್ನು ಶಾಲೆಯ ಟೀಚರಮ್ಮನವರಿಂದ ಹೇಳಿಸಿ. ಆಡಬೇಕೋ ಬೇಡವೋ ಮಕ್ಕಳೇ ತೀರ್ಮಾನಿಸಲಿ.

ಅಂಕ ಕೊಡುವುದಕ್ಕೆ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿರುವ 50 ಮೀಟರ್, 600 ಮೀಟರ್ ಓಟ, ಕೂತು ಮುಂದೆ ಬಾಗುವುದು, ಇವನ್ನೇ ಇಟ್ಟುಕೊಳ್ಳಿ. ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ. ಮಗುವಿನ ಫೆಬ್ರವರಿಯನ್ನು ಅದೇ ಮಗುವಿನ ನವೆಂಬರ್ ಜೊತೆ ಹೋಲಿಸಿ, ಪಕ್ಕದ ಮಗುವಿನ ಜೊತೆ ಬೇಡ. ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ.

ಹೆಡ್‌ಮಾಸ್ಟರಿಗೆ ಕೊಡುವ ಕಾಗದ ಒಂದು ಪುಟಕ್ಕಿಂತ ದೊಡ್ಡದಾಗುವುದು ಬೇಡ: ಮಳೆಗಾಲ ಒಳಗೆ, ದಸರಾ ನಂತರ ಹೊರಗೆ, ತಂಡದ ತರಬೇತಿ ಬೇರೆ ಹೊತ್ತು. ನಿಮ್ಮ ಮೈದಾನದ ಉದ್ದ ಅಗಲ ಹೆಜ್ಜೆ ಲೆಕ್ಕದಲ್ಲಿ, ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಬರೆಯಿರಿ. ಎಷ್ಟು ಪುಟ್ಟ ಅಂಕಣ ಹಿಡಿಯುತ್ತದೆ, ಯಾವುದನ್ನು ಎಲ್ಲಿ ಹಾಕಬಹುದು ಅಂತ ಚಿತ್ರ ಬಿಡಿಸಿ ಕಳಿಸುತ್ತೇನೆ.