ತಂಬಿಗೆಯ ಪಕ್ಕ ಇಟ್ಟ ಐನೂರರ ನೋಟು

ಕಟಪಾಡಿಯ ಓದುಗ ಮಿತ್ರರಿಗೆ,

ನಿಮ್ಮ ಆರು ಪುಟಗಳ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ಆಗಸ್ಟಿನಲ್ಲಿ ಬೈಕ್ ಏರಿ ಲೇಹ್‌ಗೆ ಹೋದಿರಿ. ಗಾಟಾ ಲೂಪ್ಸ್ ಎಂಬ 21 ತಿರುವುಗಳ ಏರಿನಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹೊಸ ಟ್ಯೂಬ್ ಚೀಲದಲ್ಲಿತ್ತು, ಹಾಕಲು ಬರುತ್ತಿರಲಿಲ್ಲ. ಲಾರಿ ಚಾಲಕರೊಬ್ಬರು ಇಳಿದುಬಂದು ಎರಡು ಗಂಟೆ ಕುಳಿತು ಹಾಕಿಕೊಟ್ಟರು. ನೀವು ಐನೂರರ ನೋಟು ಚಾಚಿದಾಗ ಮುಖ ತಿರುಗಿಸಿ ಹೊರಟೇಹೋದರು. ‘ನಾನು ಮಾಡಿದ್ದು ತಪ್ಪೇ? ಅಂಥ ಮನುಷ್ಯರು ನಮ್ಮ ಊರಿನಲ್ಲೇಕೆ ಇಲ್ಲ?’ ಎಂದು ಕೇಳಿದ್ದೀರಿ.

ತಪ್ಪೇನಲ್ಲ, ಅವಸರವಾಯಿತು. ಅಂಗಳಕ್ಕೆ ಬಂದ ಗುರುತಿಲ್ಲದವನಿಗೂ ಮೊದಲು ಬೆಲ್ಲ-ನೀರು ಕೊಡುವ ಸೀಮೆಯವರು ನಾವು. ಕುಡಿದವನು ತಂಬಿಗೆಯ ಪಕ್ಕ ನೋಟು ಇಟ್ಟು ಎದ್ದರೆ ನಿಮ್ಮ ಅಜ್ಜಿಯ ಮುಖ ಹೇಗಾಗುತ್ತಿತ್ತು? ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಇತ್ತೆಂದು ನೀವೇ ಬರೆದಿದ್ದೀರಿ. ಅದನ್ನು ಚಾಚಬಹುದಿತ್ತು.

ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಲೇಹ್ ದಾರಿಯ ತಾಂಡಿ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಎಂದಿರುವ ಫಲಕದ ಚಿತ್ರ ಕಳಿಸಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. ಅಂಥ ದಾರಿಯಲ್ಲಿ ಇಂದು ನಿಲ್ಲದವನು ನಾಳೆ ತಾನೇ ಕೈ ಅಡ್ಡ ಹಿಡಿದು ನಿಂತಿರುತ್ತಾನೆ. ಆ ತಿರುವುಗಳಲ್ಲೇ ಒಂದು ಪುಟ್ಟ ಗುಡಿಯಿದೆ. ಹಿಂದೆಂದೋ ಅಲ್ಲಿ ಸಿಕ್ಕಿಹಾಕಿಕೊಂಡು ಸತ್ತನೆನ್ನುವ ಲಾರಿ ಕ್ಲೀನರ್‌ಗೆ ಹೋಗುವವರೆಲ್ಲ ನೀರಿನ ಬಾಟಲಿ ಇಟ್ಟು ಹೋಗುತ್ತಾರೆ. ಸತ್ತವನ ಬಾಯಾರಿಕೆಯನ್ನೂ ಮರೆಯದ ದಾರಿ ಅದು. ನಮ್ಮ ಹೆದ್ದಾರಿಯಲ್ಲಾದರೋ ಕೂಗಳತೆಗೊಂದು ಗ್ಯಾರೇಜು. ಫೋನ್ ಮಾಡಿದರೆ ಭಾವ ಸ್ಕೂಟರಿನಲ್ಲಿ ಹಾಜರು. ಇಲ್ಲಿ ನೀವು ಪರವೂರಿನವರಾಗಿ ನಿಂತದ್ದು ಯಾವಾಗ?

ನಾನು ನಿಂತಿದ್ದೇನೆ. ಇಪ್ಪತ್ತು ವರ್ಷದ ಹಿಂದೆ, ಮರವಂತೆಯಲ್ಲಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಕ್ಲಚ್ ವಯರ್ ತುಂಡಾದ ಸ್ಕೂಟರ್ ಮತ್ತು ನಾನು. ಕತ್ತಲಾಗಿತ್ತು. ಮಲ್ಪೆಯ ಕಡೆ ಹೊರಟಿದ್ದ ಮೀನಿನ ಟೆಂಪೊ ನಿಂತಿತು. ‘ದಾದ ಆಂಡ್?’ ಎಂದು ತುಳುವಿನಲ್ಲಿ ಕೇಳಿದ ಚಾಲಕ ಉತ್ತರಕ್ಕೂ ಕಾಯದೆ ಬಂಗುಡೆಯ ಪೆಟ್ಟಿಗೆಗಳನ್ನು ಸರಿಸಿ ಸ್ಕೂಟರ್ ಹತ್ತಿಸಿದ. ಕುಂದಾಪುರದಲ್ಲಿ ಇಳಿಸಿ, ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಗೇರ್ ಹಾಕಿಬಿಟ್ಟ. ಸೀಟಿನ ವಾಸನೆ ಒಂದು ವಾರ ಇತ್ತು. ಮನೆಯವಳು ಈಗಲೂ ಹಂಗಿಸುತ್ತಾಳೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಜಾಣನಾಗುತ್ತೇನೆ. ಅದಾಗಿ ಕೆಲವು ವರ್ಷಗಳ ಬಳಿಕ, ಒಂದು ರಾತ್ರಿ ಪಡುಬಿದ್ರಿಯ ಹತ್ತಿರ ರಸ್ತೆಯಂಚಿನಲ್ಲಿ ಬೈಕೊಂದು ಬಿದ್ದಿತ್ತು, ಪಕ್ಕದಲ್ಲಿ ಒಬ್ಬ ಕುಳಿತಿದ್ದ. ಕಾರಿನ ವೇಗ ಇಳಿಸಿದೆ. ಪೊಲೀಸ್ ಠಾಣೆ, ಸಾಕ್ಷಿ, ಕೋರ್ಟಿನ ಅಲೆದಾಟ ಎಲ್ಲ ಒಟ್ಟಿಗೆ ನೆನಪಾಗಿ ಮತ್ತೆ ಏರಿಸಿದೆ. ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ ಬಲ ಕೊಟ್ಟದ್ದು 2016ರಲ್ಲಿ. ಮೋಟಾರು ವಾಹನ ಕಾಯ್ದೆಗೆ ಅಂಥವರನ್ನು ಕಾಯುವ 134ಎ ಕಲಮು ಸೇರಿದ್ದು 2019ರ ತಿದ್ದುಪಡಿಯಲ್ಲಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಈಗ ತಮ್ಮ ಹೆಸರನ್ನೂ ಹೇಳಬೇಕಾಗಿಲ್ಲ. ಆಗ ಅದಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಟೆಂಪೊದವನಿಗೂ ಅದಿರಲಿಲ್ಲ.

ಆ ಐನೂರು ರೂಪಾಯಿಯನ್ನು ಯಾವುದಾದರೂ ಸಂಸ್ಥೆಗೆ ಕೊಡಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಎರಡು ಟೈರ್ ಲಿವರ್ ಕೊಳ್ಳಿ, ಮಿಕ್ಕದ್ದಕ್ಕೆ ಇನ್ನಷ್ಟು ಸೇರಿಸಿ ಒಂದು ಕಾಲುಪಂಪು ಕೊಳ್ಳಿ. ಅಂದ ಹಾಗೆ, ಆರು ಪುಟಗಳಲ್ಲಿ ನೀವು ಬರೆಯದೆ ಬಿಟ್ಟ ಸಂಗತಿ ಒಂದಿದೆ: ಟ್ಯೂಬ್ ಹಾಕುವುದನ್ನು ಈಗಲಾದರೂ ಕಲಿತಿರಾ?

– ಸಂ.