ಹೊಸದಾಗಿ ವಿಆರ್‌ಡಬ್ಲ್ಯೂ (ಊರಿನ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಆಗಿದ್ದೇನೆ. ಅಂಗವಿಕಲರಿರುವ ಮನೆಗಳವರು ಬಾಗಿಲಲ್ಲೇ ಮಾತಾಡಿ ಕಳುಹಿಸುತ್ತಾರೆ, ಏನು ಮಾಡಲಿ?

ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಒಂಬತ್ತು ವರ್ಷಗಳಿಂದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿದ್ದೇನೆ. ನನ್ನ ಎಡಗಾಲಿಗೂ ಪೋಲಿಯೊ ಆಗಿದೆ. ಅದನ್ನು ನೋಡಿಯಾದರೂ ಜನ ಬೇಗ ಹತ್ತಿರವಾಗುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಮೊದಲ ವರ್ಷ ಒಂದು ಮನೆಗೆ ಫೈಲು ಹಿಡಿದುಕೊಂಡು ಹೋದೆ. ಹನ್ನೊಂದು ವರ್ಷದ ಹುಡುಗ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಮಾತು ಬರುವುದಿಲ್ಲ. ಹೆಸರು, ವಯಸ್ಸು, ಆಧಾರ್ ಸಂಖ್ಯೆ ಎಂದು ಕೇಳುತ್ತಾ ಹೋದೆ. ತಾಯಿ ಎಲ್ಲಕ್ಕೂ ಉತ್ತರ ಕೊಟ್ಟು, "ಬರೆದುಕೊಂಡು ಹೋಗುವವರು ಬಹಳ ಮಂದಿ ಬಂದಿದ್ದಾರೆ ಅಕ್ಕಾ" ಎಂದರು. ಚಹಾ ಕುಡಿಯಿರಿ ಎನ್ನಲಿಲ್ಲ. ನಮ್ಮ ಕಡೆ ಅದರ ಅರ್ಥವೇನೆಂದು ನಿಮಗೂ ಗೊತ್ತಿರಬಹುದು.

ಮುಂದಿನ ಸಲ ಆ ಓಣಿಯ ಆಶಾ ಕಾರ್ಯಕರ್ತೆಯ ಜೊತೆ ಹೋದೆ. ಬಾಣಂತನದಲ್ಲಿ ಓಡಾಡಿದವರು ಅವರು, ಅವರಿಗೆ ಆ ಮನೆಯ ಒಲೆಯವರೆಗೂ ದಾರಿಯಿತ್ತು. ತಾಯಿ ರೊಟ್ಟಿ ಬಡಿಯುತ್ತಿದ್ದರು. ಫೈಲನ್ನು ಚೀಲದಿಂದ ತೆಗೆಯಲೇ ಇಲ್ಲ. ಕೌದಿಯ ಮೇಲೆ ಮಲಗಿದ್ದ ಹುಡುಗನ ಪಕ್ಕ ಕುಳಿತು, "ರೊಟ್ಟಿಗೆ ಪುಂಡಿಪಲ್ಯ ಬೇಕೇನಪ್ಪಾ?" ಎಂದೆ. ಮುಖ ಹಿಂಡಿದ. "ಶೇಂಗಾ ಚಟ್ನಿ?" ಕಣ್ಣರಳಿಸಿ ನಕ್ಕ. "ಖಾರ ತಾಳುವುದಿಲ್ಲ ಅವನಿಗೆ, ಮೊಸರು ಕಲಸಿಕೊಟ್ಟರೆ ತಿನ್ನುತ್ತಾನೆ" ಎಂದು ತಾಯಿ ಮಾತು ಸೇರಿಸಿದರು. ಆಮೇಲೆ ಒಂದು ತಾಸು ಅವರೇ ಮಾತಾಡಿದರು: ಮಗನನ್ನು ಎತ್ತಿ ಎತ್ತಿ ಸೊಂಟ ಹೋದದ್ದು, ತವರಿನ ಜಾತ್ರೆಗೆ ಹೋಗದೆ ಆರು ವರ್ಷವಾದದ್ದು. ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಹುಡುಗನ ತಲೆಯ ಮೇಲಿಂದ ಮಾತಾಡದೆ ಅವನನ್ನೇ ಮಾತಾಡಿಸಿದ್ದು ಅವರಿಗೆ ಸಾಕಾಗಿತ್ತು.

ಇಷ್ಟು ಗಳಿಸಿದ್ದನ್ನು ನಾನೇ ಕಳೆದುಕೊಂಡೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ತಪಾಸಣೆಗೆ ಗುರುವಾರ ಬನ್ನಿ ಎಂದು ಹೇಳಿಬಿಟ್ಟೆ. ಅವರು ಕೂಲಿ ಬಿಟ್ಟು, ಮಗನನ್ನು ಹೊತ್ತುಕೊಂಡು, ಎರಡು ಬಸ್ ಬದಲಿಸಿ ಆಸ್ಪತ್ರೆಗೆ ಬಂದರೆ ಆ ದಿನ ವೈದ್ಯರೇ ಇರಲಿಲ್ಲ. ಮೊದಲೇ ಫೋನ್ ಮಾಡಿ ವಿಚಾರಿಸಬೇಕಾಗಿತ್ತು, ವಿಚಾರಿಸಿರಲಿಲ್ಲ. ಮರುದಿನವೇ ಮನೆಗೆ ಹೋಗಿ, "ತಪ್ಪು ನನ್ನದು" ಎಂದೆ. ತಿಂಗಳುಗಟ್ಟಲೆ ಆ ತಾಯಿ ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ನಾನು ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗುವುದನ್ನು ಬಿಡಲಿಲ್ಲ. ನಿಧಾನವಾಗಿ ಮತ್ತೆ ಚಹಾ ಬಂತು.

ಹಾಗಾಗಿ ಪಿಂಚಣಿ ಮಾಡಿಸಿಕೊಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ. ಅಂಗವಿಕಲತೆ ಶೇ 40ಕ್ಕಿಂತ ಕಡಿಮೆ ಎಂದು ವೈದ್ಯರು ಬರೆದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. "ಅರ್ಜಿ ಹಾಕಿಸುತ್ತೇನೆ, ಎಲ್ಲಿಗೆ ಬಂತೆಂದು ತಿಳಿಸುತ್ತೇನೆ" ಎನ್ನಿ, ಕೆಲಸ ಆಗದಿದ್ದಾಗಲೂ ಹೋಗಿ ತಿಳಿಸಿ. ಕೆಟ್ಟ ಸುದ್ದಿ ಹೇಳಲು ಹಿಂಜರಿದು ಆ ಓಣಿಯನ್ನೇ ತಪ್ಪಿಸಿ ಓಡಾಡುವ ಕಾರ್ಯಕರ್ತರನ್ನು ನಾನು ನೋಡಿದ್ದೇನೆ, ನನಗೆ ಬಹಳ ನೋವಾಗುತ್ತದೆ.

ಇನ್ನೊಂದು ಮಾತು. ಎಲ್ಲ ಭಾರಕ್ಕೂ ನೀವೊಬ್ಬರೇ ಹೆಗಲಾಗಲು ಹೋಗಬೇಡಿ. ಆ ತಾಯಿಯನ್ನು ಪಕ್ಕದ ಊರಿನ ಇಂಥದೇ ಮಗುವಿನ ತಾಯಿಗೆ ಪರಿಚಯಿಸಿದೆ. ಸೊಂಟಕ್ಕೆ ಪೆಟ್ಟಾಗದಂತೆ ಮಗುವನ್ನು ಎತ್ತುವ ಬಗೆಯನ್ನು ಆಕೆಯೇ ಕಲಿಸಿಕೊಟ್ಟರು. ಈಗ ಇಬ್ಬರೂ ನನ್ನನ್ನು ಬಿಟ್ಟು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ನಾನೂ ತಾಲ್ಲೂಕು ಸಭೆ ಮುಗಿದ ಮೇಲೆ ಬೇರೆ ವಿಆರ್‌ಡಬ್ಲ್ಯೂಗಳ ಜೊತೆ ಅರ್ಧ ತಾಸು ಕುಳಿತು ಮನಸ್ಸು ಹಗುರ ಮಾಡಿಕೊಂಡೇ ಬಸ್ ಹತ್ತುತ್ತೇನೆ.

ನಾಳೆ ನಿಮ್ಮ ಊರಿನ ಆಶಾ ಅಕ್ಕನನ್ನು ಕಾಣಿರಿ. ಯಾವ ಮನೆಗೆ ಯಾವ ಹೊತ್ತಿಗೆ ಹೋದರೆ ಜನ ಬಿಡುವಾಗಿರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.